ಬಾವುಟ ಇಳಿಯದ ತರಗತಿ

ಡೊಂಗ್ ಲಾಕ್ ಪೇಟೆಯ ಮಾಧ್ಯಮಿಕ ಶಾಲೆಯಲ್ಲಿ ಸೋಮವಾರ ಬೆಳಿಗ್ಗೆ ಏಳಕ್ಕೆ ಡೋಲು ಬಾರಿಸುತ್ತಾರೆ. ಮಕ್ಕಳು ತಮ್ಮ ತಮ್ಮ ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಬಂದು ಅಂಗಳದಲ್ಲಿ ಸಾಲು ಹಿಡಿದು ಕೂರುತ್ತಾರೆ. ರಾಷ್ಟ್ರಗೀತೆ ಮುಗಿದ ಮೇಲೆ ಧ್ವನಿವರ್ಧಕದಲ್ಲಿ ಹಿಂದಿನ ವಾರದ ಅಂಕ ಓದಿ ಹೇಳುತ್ತಾರೆ. ಮೊದಲು ಬಂದ ತರಗತಿಗೆ ಹಳದಿ ಕುಚ್ಚಿನ ಕೆಂಪು ಬಾವುಟ ಕೊಡುತ್ತಾರೆ. ಅದು ಒಂದು ವಾರ ಆ ತರಗತಿಯ ಕರಿಹಲಗೆಯ ಪಕ್ಕ ತೂಗಬೇಕು. ಮುಂದಿನ ಸೋಮವಾರ ಮತ್ತೆ ಅಂಗಳಕ್ಕೆ ಬಂದು, ಗೆದ್ದವರ ಕೈ ಸೇರಬೇಕು.

ಒಂಬತ್ತನೇ ಬಿ ತರಗತಿಯಿಂದ ಆ ಬಾವುಟ ಅಂಗಳಕ್ಕೆ ಬರುತ್ತಿತ್ತು, ಹೋಗುವಾಗ ಮತ್ತೆ ಅಲ್ಲಿಗೇ ಹೋಗುತ್ತಿತ್ತು. "ಬಸ್ಸಿಗೂ ಕೊನೆ ನಿಲ್ದಾಣ ಅಂತ ಒಂದಿರುತ್ತಲ್ಲ, ಹಾಗೆ," ಎಂದು ಒಂಬತ್ತನೇ ಡಿಯ ಹಾಂಗ್ ಟೀಚರ್ ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. "ಇದರ ಕೊನೆ ನಿಲ್ದಾಣ ಲುವಕ್ಕನ ಗೋಡೆ."

ಲುವಾ ಟೀಚರಿಗೆ ಐವತ್ತನಾಲ್ಕು. ಮೂವತ್ತೊಂದು ವರ್ಷ ಅದೇ ಶಾಲೆಯಲ್ಲಿ ಸಾಹಿತ್ಯ ಪಾಠ ಮಾಡಿದವರು. ಗಂಡ ಕಾಲುವೆಯ ತೂಬು ಕಾಯುವ ನೌಕರ. ಮಗಳು ಮದುವೆಯಾಗಿ ಪಕ್ಕದೂರಿನಲ್ಲಿದ್ದಳು. ಮುಂದಿನ ವರ್ಷ ನಿವೃತ್ತಿ; ಹಾಗಾಗಿ ಈ ಬಿ ತರಗತಿಯೇ ಅವರ ಕೊನೆಯದು. ಅವರು ಮಕ್ಕಳಿಗೆ ಹೊಡೆದದ್ದಿಲ್ಲ. ಬೇರೆ ಟೀಚರುಗಳು ಮಕ್ಕಳನ್ನು ಹಲಗೆಯ ಮುಂದೆ ಮಂಡಿಯೂರಿ ಕೂರಿಸುತ್ತಿದ್ದ ಕಾಲದಲ್ಲೂ ಅವರು ಅದನ್ನು ಮಾಡಲಿಲ್ಲ. ದನಿ ಏರಿಸಿದ್ದೂ ಕಡಿಮೆ. ಹತ್ತು ಹತ್ತು ಮಕ್ಕಳ ಗುಂಪು ಮಾಡಿ, ಒಬ್ಬನು ತಪ್ಪಿದರೆ ಹತ್ತೂ ಜನ ಶಾಲೆ ಬಿಟ್ಟ ಮೇಲೆ ಉಳಿದು ಕಸ ಗುಡಿಸಬೇಕು ಎಂಬ ನೇಮ ಇಟ್ಟಿದ್ದರು. ಟೀಚರ ಕೈಯಿಂದ ಆಗದಿದ್ದದ್ದನ್ನು ಉಳಿದ ಒಂಬತ್ತು ಜನ ಹಾದಿಯಲ್ಲಿ ಮಾಡಿ ಮುಗಿಸುತ್ತಿದ್ದರು. ಹೊಸದಾಗಿ ಬಂದ ಟೀಚರುಗಳಿಗೆ ಲುವಾ ಹೇಳುತ್ತಿದ್ದ ಮಾತು ಇದು: "ನಾವು ಬೈದ್ರೆ ಮಕ್ಕಳು ನಮ್ಮನ್ನ ದ್ವೇಷಿಸ್ತಾರೆ. ಅವರವರೇ ಬೈದ್ಕೊಂಡ್ರೆ ಶಿಸ್ತು ಬರುತ್ತೆ."

ಅವರ ಬಾಲ್ಯದ ಮನೆಯಲ್ಲಿ, ಎಲ್ಲರ ಮನೆಯಲ್ಲಿದ್ದ ಹಾಗೆ, ಮಕ್ಕಳ ಪ್ರಶಸ್ತಿ ಪತ್ರಗಳನ್ನು ಅನ್ನದ ಗಂಜಿ ಸವರಿ ಗೋಡೆಗೆ ಅಂಟಿಸುತ್ತಿದ್ದರು. ಐದನೇ ತರಗತಿಯಲ್ಲಿ ಲುವಾಗೆ ಟೈಫಾಯ್ಡ್ ಬಂದು ಪತ್ರ ತಪ್ಪಿತು. ಅಪ್ಪ ಆ ವರ್ಷದ ಜಾಗವನ್ನು ಖಾಲಿ ಬಿಟ್ಟರು. ಆರನೆಯದನ್ನು ಪಕ್ಕಕ್ಕೆ ಅಂಟಿಸಿದರೇ ಹೊರತು ಅಲ್ಲಿಗೆ ತರಲಿಲ್ಲ. ಬಂದ ನೆಂಟರೆಲ್ಲ ಟೀ ಕುಡಿಯುತ್ತ ಆ ಚೌಕದ ಬಗ್ಗೆ ಕೇಳುತ್ತಿದ್ದರು. ಅಪ್ಪ "ಅವಳನ್ನೇ ಕೇಳಿ" ಅನ್ನುತ್ತಿದ್ದರು. ಲುವಾ ಇದನ್ನು ಹೇಳುವಾಗ ದೂರು ಹೇಳಿದಂತೆ ಇರುತ್ತಿರಲಿಲ್ಲ. ಅಪ್ಪ ತನ್ನನ್ನು ಮನುಷ್ಯಳನ್ನಾಗಿ ಮಾಡಿದ್ದೇ ಹಾಗೆ ಎಂದು ನಂಬಿದ್ದರು.

ವಾರದ ಅಂಕ ಹಾಕುವವರು ಮಕ್ಕಳೇ. ಪ್ರತಿ ತರಗತಿಯಿಂದ ಒಬ್ಬರು. ತೋಳಿಗೆ ಕೆಂಪು ಪಟ್ಟಿ, ಕೈಯಲ್ಲಿ ಪುಸ್ತಕ. ಕೆಂಪು ನಕ್ಷತ್ರ ಎಂದು ಅವರಿಗೆ ಹೆಸರು. ಬೆಳಿಗ್ಗೆ ಗೇಟಿನಲ್ಲಿ ನಿಲ್ಲಬೇಕು, ಆಮೇಲೆ ಬೇರೆ ತರಗತಿಯೊಂದಕ್ಕೆ ಹೋಗಿ ನೋಡಬೇಕು. ತಡವಾಗಿ ಬಂದರೆ ಎರಡು ಅಂಕ ಹೋಯಿತು, ಕೊರಳಿಗೆ ಕೆಂಪು ವಸ್ತ್ರ ಕಟ್ಟದಿದ್ದರೆ ಎರಡು, ಹಿಂಬದಿಗೆ ಪಟ್ಟಿಯಿಲ್ಲದ ಚಪ್ಪಲಿಗೆ ಎರಡು, ಮೊದಲ ಹದಿನೈದು ನಿಮಿಷದ ಓದಿನಲ್ಲಿ ಮಾತಾಡಿದರೆ ಮೂರು. ಹೋಗುವುದು ಮಗುವಿನ ಅಂಕವಲ್ಲ, ತರಗತಿಯದು. ತರಗತಿಯ ಅಂಕ ವರ್ಷದ ಕೊನೆಗೆ ಅದರ ಟೀಚರ ಹೆಸರಿನ ಮುಂದೆ ಬಂದು ಕೂರುತ್ತದೆ.

ಇದರಲ್ಲೊಂದು ಒಳದಾರಿ ಇತ್ತು. ಡೋಲಿಗೆ ಮುಂಚೆ ಕೆಂಪು ಪಟ್ಟಿಯವರು ಗೇಟಿನ ಬಳಿ ಅಂಟಕ್ಕಿ ಅನ್ನ ಮಾರುವವಳ ಬುಟ್ಟಿಯ ಸುತ್ತ ಸೇರಿ, ಬಾಳೆಲೆ ಬಿಚ್ಚಿ ತಿನ್ನುತ್ತ ಮಾತು ಮುಗಿಸಿಕೊಳ್ಳುತ್ತಿದ್ದರು. ನಿಮ್ಮ ಕ್ಲಾಸಿನ ಇಬ್ಬರನ್ನ ನಾನು ನೋಡಿಲ್ಲ, ನಮ್ಮ ಕ್ಲಾಸಿನ ಇಬ್ಬರನ್ನ ನೀನು ನೋಡಿಲ್ಲ. ಎಲ್ಲ ಟೀಚರುಗಳಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಲುವಾ ಟೀಚರಂತೂ ಪ್ರತಿ ವರ್ಷ ಕೆಂಪು ಪಟ್ಟಿಗೆ ಮಗುವನ್ನು ಆರಿಸುವಾಗ "ತಿಳುವಳಿಕೆ ಇರೋರು ಬೇಕು" ಎಂದಷ್ಟೇ ಹೇಳುತ್ತಿದ್ದರು. ಆ ಮಾತಿನ ಅರ್ಥ ಮಕ್ಕಳು ತಾವೇ ತಿಳಿದುಕೊಳ್ಳುತ್ತಿದ್ದರು.

ಆ ವರ್ಷ ಅವರು ಆರಿಸಿದ್ದು ಮಿಯೆನ್ ಎಂಬ ಹುಡುಗಿಯನ್ನು. ಜೊಂಡಿನ ಚಾಪೆ ನೇಯುವ ಕೇರಿಯವಳು. ಅಪ್ಪ ಇಲ್ಲ, ತಾಯಿ ಮಗ್ಗದಲ್ಲಿ ದುಡಿಯುತ್ತಾಳೆ. ಓದಿನಲ್ಲಿ ತರಗತಿಗೆ ಎರಡನೆಯವಳು. ಅಕ್ಷರ ಅಚ್ಚು ಹೊಡೆದ ಹಾಗೆ. ಮೂರು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ. ಇಷ್ಟೆಲ್ಲ ಇದ್ದವಳಿಗೆ ತಿಳುವಳಿಕೆ ಇದ್ದೇ ಇರುತ್ತದೆ ಎಂದು ಲುವಾ ಟೀಚರ್ ಅಂದುಕೊಂಡರು.

ಮಿಯೆನ್ ಕಂಡದ್ದನ್ನು ಬರೆದಳು. ಮೊದಲ ವಾರ ಡಿ ತರಗತಿಯ ಆರು ಹೆಸರು. ಎರಡನೇ ವಾರ ಎ ತರಗತಿಯವರು. ಡಿಯ ಕೆಂಪು ಪಟ್ಟಿಯವನು ಬುಟ್ಟಿಯ ಬಳಿ ಅವಳನ್ನು ಕರೆದು ಅರ್ಧ ಅನ್ನದ ಪೊಟ್ಟಣ ಕೊಡಲು ಹೋದ. "ನಾನು ಮನೇಲೇ ತಿಂದ್ಬಂದೆ" ಅಂದಳಂತೆ. ಮೂರನೇ ವಾರ, ಅಕ್ಟೋಬರಿನ ಮಳೆಯ ಒಂದು ಬೆಳಿಗ್ಗೆ, ಡೋಲು ನಿಂತ ಮೇಲೆ ಗೇಟಿಗೆ ಬಂದ ನಾಲ್ವರ ಹೆಸರು ಬರೆದಳು. ಒಬ್ಬಳು ಎ ತರಗತಿಯವಳು, ಮಿಕ್ಕ ಮೂವರೂ ಬಿಯವರು. ಅವರಲ್ಲೊಬ್ಬ ತರಗತಿಯ ಮುಖಂಡ ಕಿಯೆತ್.

ಸೋಮವಾರ ಬಾವುಟ ಡಿಗೆ ಹೋಯಿತು. ಹಾಂಗ್ ಟೀಚರಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ನಮ್ಮ ಗೋಡೇಲಿ ಮೊಳೇನೇ ಇಲ್ಲ. ನಿಮ್ಮಲ್ಲಿರೋದು ಕಿತ್ತು ಕೊಡಿ," ಅಂದರು.

ಲುವಾ ಟೀಚರ್ ಆ ಮಧ್ಯಾಹ್ನ ಮಿಯೆನಳನ್ನು ಪುಸ್ತಕದ ಕೋಣೆಗೆ ಕರೆದರು. ಎದುರಿಗೆ ಕೂರಿಸಿ ಒಂದು ಲೋಟ ಟೀಯನ್ನೂ ಕೊಟ್ಟರು.

"ಅವತ್ತು ಮಳೆ ಅಲ್ವೇನಮ್ಮ?"

"ಹೌದು ಟೀಚರ್."

"ಮಳೇಲಿ ಯಾರಾದ್ರೂ ಎರಡು ನಿಮಿಷ ತಡ ಆಗಲ್ವಾ?"

"ಎ ಕ್ಲಾಸಿನ ಹುಡುಗೀನೂ ತಡ ಆಗಿದ್ಲು ಟೀಚರ್. ಅವಳ ಹೆಸರೂ ಬರೆದಿದೀನಿ."

"ಅದು ಎ ಕ್ಲಾಸು. ನಮ್ಮನೆ ಪಾತ್ರೆ ನಾವೇ ಒಡೆದ್ರೆ ಹೇಗೆ?"

ಮಿಯೆನ್ ಲೋಟವನ್ನು ಪಕ್ಕಕ್ಕಿಟ್ಟಳು. "ಸುಳ್ಳು ಬರೀಬೇಕಾ ಟೀಚರ್?"

"ಸುಳ್ಳು ಬರಿ ಅಂತ ಯಾರಂದ್ರು? ಬಾಯಿ ತಪ್ಪಿ ಎಲ್ಲೂ ಹಾಗನ್ಬೇಡ. ಕಂಡಿದ್ದನ್ನೆಲ್ಲಾ ಬರೀಬೇಕಾ ಅಂತ ಕೇಳ್ತಿದೀನಿ."

"ಯಾರನ್ನೂ ಬರೀದಿದ್ರೆ ಪುಸ್ತಕ ಖಾಲಿ ಇರುತ್ತೆ. ಖಾಲಿ ಇದ್ರೆ ಹೆಡ್‌ಮಾಸ್ಟರು ಬಯ್ತಾರೆ. ಮಿಕ್ಕೋರೆಲ್ಲಾ ಆರನೇ ಕ್ಲಾಸಿನ ಸಣ್ಣೋರನ್ನ ಬರೀತಾರೆ. ಅವರ ಹತ್ರ ಬದಲಿಗೆ ಕೊಡಕ್ಕೆ ಏನೂ ಇಲ್ವಲ್ಲ."

ಹದಿನಾಲ್ಕು ವರ್ಷದ ಹುಡುಗಿ ಅಷ್ಟು ಸರಾಗವಾಗಿ ಅದನ್ನು ಹೇಳಿದ್ದು ಲುವಾ ಟೀಚರಿಗೆ ಹಿಡಿಸಲಿಲ್ಲ. "ಟೀ ಆರ್ತಿದೆ, ಕುಡಿ" ಅಂದರು.

ವಾರ ಕಳೆಯುವುದರೊಳಗೆ ಕೆಂಪು ಪಟ್ಟಿ ಬೇರೊಬ್ಬಳ ತೋಳಿಗೆ ಹೋಯಿತು. ಬಾವುಟ ಗೋಡೆಗೆ ಮರಳಿತು. ಆದರೆ ತರಗತಿ ಮಿಯೆನಳನ್ನು ಬಿಡಲಿಲ್ಲ. ಕಿಯೆತನ ಗುಂಪಿನ ಹತ್ತೂ ಜನ ಅವಳಿಂದಾಗಿ ಒಂದು ವಾರ ಕಸ ಗುಡಿಸಿದ್ದರು. "ಪೊಲೀಸಪ್ಪಾ, ಲೈಸೆನ್ಸ್ ತೋರಿಸ್ಲಾ?" ಎಂದು ಪೆನ್ಸಿಲ್ ಡಬ್ಬಿ ಹಿಡಿಯುತ್ತಿದ್ದರು. ಬೆಂಚಿನಲ್ಲಿ ಅವಳ ಪಕ್ಕದವಳು ತನ್ನ ಚೀಲವನ್ನು ನಡುವೆ ಇಟ್ಟುಕೊಂಡು ಕೂರಲು ಶುರು ಮಾಡಿದಳು. ಅದನ್ನು ಲುವಾ ಟೀಚರ್ ನೋಡಿದರು. ಮಕ್ಕಳೇ ಕಟ್ಟುತ್ತಾರೆ, ಮಕ್ಕಳೇ ಬಿಚ್ಚುತ್ತಾರೆ ಎಂದುಕೊಂಡರು.

ಹೊಸ ವರ್ಷದ ರಜೆ ಕಳೆದ ಮೇಲೆ ಹೆಡ್‌ಮಾಸ್ಟರ್ ತ್ವಾನ್ ಲುವಾ ಟೀಚರನ್ನು ಕೋಣೆಗೆ ಕರೆಸಿದರು. "ಲುವಕ್ಕ, ಜಿಲ್ಲಾ ಗೌರವಕ್ಕೆ ಈ ಸಲ ನಮ್ಮ ಶಾಲೆಯಿಂದ ಒಂದೇ ಹೆಸರು. ನಿಮ್ಮದನ್ನೇ ಕಳಿಸ್ಬೇಕು ಅಂತಿದೀನಿ. ಎರಡು ಸಲ ತಪ್ಪೋಗಿದೆ ನಿಮಗೆ, ನಂಗೊತ್ತು. ವರ್ಷದ ಕೊನೇವರೆಗೂ ಬಿ ಕ್ಲಾಸು ಮೊದಲನೇ ಸ್ಥಾನದಲ್ಲೇ ಇರ್ಬೇಕು, ಅಷ್ಟೇ. ಒಂದು ಗಲಾಟೆ, ಒಂದು ತಕರಾರು ಬರ್ಬಾರ್ದು."

"ನಮ್ಮ ಕ್ಲಾಸಲ್ಲಿ ಯಾವತ್ತು ತಕರಾರು ಬಂದಿದೆ ಸರ್?"

"ಅದಕ್ಕೇ ನಿಮ್ಮ ಹೆಸರು," ಅಂದರು ತ್ವಾನ್.

ಮೇ ತಿಂಗಳ ಮೊದಲ ವಾರ ನಡತೆಯ ದರ್ಜೆ ನಿರ್ಧಾರವಾಗುವ ಸಭೆ. ಅಂಗಳದ ಗುಲ್‌ಮೊಹರ್ ಮರಗಳು ಕೆಂಪಾಗಿ, ಸಿಕಾಡ ಹುಳುಗಳ ಕಿರುಚಾಟಕ್ಕೆ ಕಿಟಕಿ ಮುಚ್ಚಿಕೊಂಡೇ ಕೂರಬೇಕಿತ್ತು. ಪ್ರತಿ ಮಗುವೂ ತನ್ನ ತಪ್ಪು ಒಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದು, ತನಗೆ ತಾನೇ ದರ್ಜೆ ಹಾಕಿಕೊಂಡು, ಎದ್ದು ನಿಂತು ಓದಬೇಕು. ಆಮೇಲೆ ತರಗತಿ ಕೈ ಎತ್ತುತ್ತದೆ. ಉತ್ತಮ, ಸಾಧಾರಣ, ಕಳಪೆ. ಕೊನೆಗೆ ಸಹಿ ಟೀಚರದ್ದು. ಟೀಚರಿಗೆ ಬೇಡವೆನಿಸಿದರೆ ಬದಲಾಯಿಸುವ ಅಧಿಕಾರವೂ ಉಂಟು. ಲುವಾ ಟೀಚರ್ ಮೂವತ್ತೊಂದು ವರ್ಷದಲ್ಲಿ ಮಕ್ಕಳ ಮತವನ್ನು ಒಮ್ಮೆಯೂ ಬದಲಾಯಿಸಿರಲಿಲ್ಲ. ಅದು ಅವರ ಹೆಮ್ಮೆಗಳಲ್ಲಿ ಒಂದು.

ಪೇಟೆಯ ಸರ್ಕಾರಿ ಪ್ರೌಢಶಾಲೆ ಆ ಸೀಮೆಯಲ್ಲಿ ಮಕ್ಕಳನ್ನು ತೆಗೆದುಕೊಳ್ಳುವಾಗ ಅಂಕದ ಜೊತೆ ನಡತೆಯ ದರ್ಜೆಯನ್ನೂ ಕೂಡಿಸಿ ನೋಡುತ್ತಿತ್ತು. ಉತ್ತಮ ಇಲ್ಲದವರ ಹೆಸರು ಪಟ್ಟಿಯಲ್ಲಿ ಕೆಳಕ್ಕೆ ಜಾರುತ್ತಿತ್ತು. ಜಾರಿದವರಿಗೆ ಇದ್ದದ್ದು ಫೀಸಿನ ಖಾಸಗಿ ಶಾಲೆ, ಇಲ್ಲವೇ ಚಾಪೆಯ ಮಗ್ಗ. ಮಿಯೆನಳ ಮನೆಗೆ ಫೀಸು ಆಗುವ ಮಾತಲ್ಲ.

ಮಿಯೆನ್ ಎದ್ದು ತನ್ನ ಹಾಳೆ ಓದಿದಳು. ತಡ ಬಂದಿಲ್ಲ, ಮಾತಾಡಿಲ್ಲ, ಮನೆಪಾಠ ತಪ್ಪಿಸಿಲ್ಲ. ಉತ್ತಮ ಎಂದು ಹಾಕಿಕೊಂಡಿದ್ದೇನೆ.

ಕಿಯೆತ್ ಎದ್ದ. "ಒಂದು ಮಾತಿದೆ ಟೀಚರ್. ಇವಳಿಗೆ ತರಗತಿಯ ಬಗ್ಗೆ ಒಗ್ಗಟ್ಟಿನ ಭಾವನೆ ಇಲ್ಲ."

ಅದು ದೊಡ್ಡವರ ಸಭೆಗಳಿಂದ ಇಳಿದು ಬಂದ ಮಾತು. ಆದರೆ ಅಲ್ಲಿ ಯಾರಿಗೂ ನಗು ಬರಲಿಲ್ಲ. ಉತ್ತಮಕ್ಕೆ ಏಳು ಕೈ ಎದ್ದವು. ಸಾಧಾರಣಕ್ಕೆ ಮೂವತ್ತಮೂರು. ಮಿಯೆನಳ ಪಕ್ಕದವಳು ಮೊದಲ ಸಲ ಅರ್ಧ ಎತ್ತಿದ ಕೈಯನ್ನು ಸುತ್ತಲೂ ನೋಡಿ ಇಳಿಸಿಕೊಂಡು, ಎರಡನೇ ಸಲ ಪೂರ್ತಿ ಎತ್ತಿದಳು.

ಲುವಾ ಟೀಚರ್ ಹಲಗೆಯ ಮೇಲೆ ಎಣಿಕೆ ಬರೆದರು. ಹುಡುಗಿ ಚುರುಕು, ಅಂಕದ ಬಲದಲ್ಲೇ ದಾಟಿಕೊಳ್ಳುತ್ತಾಳೆ ಅಂದುಕೊಂಡರು. ತಾನೀಗ ಒಬ್ಬಳಿಗೋಸ್ಕರ ಮತ ತಿದ್ದಿದರೆ ಮಿಕ್ಕ ಮೂವತ್ತಮೂರು ಮನೆಯಿಂದ ತಕರಾರು ಬರುತ್ತದೆ ಎಂಬುದೂ ಮನಸ್ಸಿಗೆ ಬಂತು. "ಮುಂದಿನವರು" ಅಂದರು.

ಮರುದಿನ ಸಂಜೆ ಮಿಯೆನಳ ತಾಯಿ ಸೈಕಲ್ಲಿನ ಹಿಂದೆ ಎರಡು ಹೊಸ ಚಾಪೆ ಕಟ್ಟಿಕೊಂಡು ಟೀಚರ ಮನೆಗೆ ಬಂದಳು. ಬೆರಳ ತುದಿಗಳು ಜೊಂಡಿನ ಬಣ್ಣದಿಂದ ಕೆಂಪಗಿದ್ದವು.

"ಟೀಚರಮ್ಮ, ಇದು ದೊಡ್ಡದೇನಲ್ಲ. ನಾನೇ ನೇಯ್ದಿದ್ದು."

"ವಾಪಸ್ ತಗೊಂಡ್ಹೋಗಿ ತಂಗಿ. ನಾನು ಯಾರ ಹತ್ರಾನೂ ಒಂದು ಮೊಟ್ಟೆ ಕೂಡ ತಗೊಂಡೋಳಲ್ಲ."

"ಗೊತ್ತು ಟೀಚರಮ್ಮ, ಊರಿಗೇ ಗೊತ್ತು. ಅದಕ್ಕೇ ನಂಗೆ ಭಯ." ತಾಯಿ ಚಾಪೆಯ ಹಗ್ಗ ಬಿಚ್ಚುವುದೋ ಕಟ್ಟುವುದೋ ತಿಳಿಯದೆ ಹಿಡಿದುಕೊಂಡೇ ನಿಂತಳು. "ತಗೊಳ್ಳೋರಾದ್ರೆ ಕೊಟ್ಟು ಕೆಲಸ ಮಾಡಿಸ್ಕೋಬೋದಿತ್ತು. ನಿಮ್ಮಂಥೋರ ಹತ್ರ ಏನಂತ ಕೇಳ್ಲಿ? ಅದೇನ್ ಮಾಡಿದಾಳೆ ಅಂತ ಹೇಳಿ. ಹೊಡೀತೀನಿ. ಕೇಳಿದ್ರೆ, ಕಂಡಿದ್ದು ಬರ್ದೆ ಅಂತಾಳೆ ಅಷ್ಟೇ."

"ಹೊಡೀಬೇಡಿ. ಹೊಡೆಯೋದ್ರಿಂದ ಏನೂ ಬರಲ್ಲ." ಲುವಾ ಟೀಚರ್ ಆಕೆಗೆ ಕುರ್ಚಿ ಕೊಟ್ಟು, ಮೃದುವಾಗಿಯೇ ಹೇಳಿದರು. "ಮಕ್ಕಳದು ಮಕ್ಕಳ ಹತ್ರಾನೇ ಸರಿ ಹೋಗ್ಬೇಕು. ಕ್ಲಾಸಿನ ಮುಂದೆ ನಿಂತು, ತಪ್ಪಾಯ್ತು ಅಂತ ಒಂದು ಹಾಳೆ ಓದ್ಲಿ. ಮನಸ್ಸಿಟ್ಟು ಓದ್ಲಿ. ಮತ್ತೆ ಕೈ ಎತ್ತಿಸ್ತೀನಿ. ಮಕ್ಕಳ ಮನಸ್ಸು ದೊಡ್ಡದು."

"ಓದ್ತಾಳೆ," ಅಂದಳು ತಾಯಿ. "ಓದ್ದೆ ಎಲ್ಲಿಗೆ ಹೋಗ್ತಾಳೆ?"

ಮೂರು ದಿನ ಮಿಯೆನ್ ಶಾಲೆಗೆ ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಗೈರುಹಾಜರಿ. ನಾಲ್ಕನೇ ದಿನ ಬಂದಳು. ಎಡಗೆನ್ನೆಯ ಕೆಳಗೆ ಉದ್ದಕ್ಕೆ ಒಂದು ಬಾಸುಂಡೆ ಇತ್ತು. ಲುವಾ ಟೀಚರ್ ಅದನ್ನು ನೋಡಿದರು, ಕೇಳಲಿಲ್ಲ. ಹುಡುಗಿ ಹಲಗೆಯ ಮುಂದೆ ನಿಂತು ಎರಡೂ ಕೈಯಲ್ಲಿ ಹಾಳೆ ಹಿಡಿದಳು.

"ನನ್ನಲ್ಲಿ ಒಗ್ಗಟ್ಟಿನ ಭಾವನೆ ಇರಲಿಲ್ಲ. ತರಗತಿಯ ಗೌರವಕ್ಕಿಂತ ನನ್ನ ಹೆಸರನ್ನು ದೊಡ್ಡದು ಮಾಡಿಕೊಂಡೆ. ಸ್ನೇಹಿತರ ಕಷ್ಟವನ್ನು ಅರ್ಥ ಮಾಡಿಕೊಳ್ಳಲಿಲ್ಲ. ಟೀಚರಿಗೆ ದುಃಖ ಕೊಟ್ಟೆ. ನನ್ನನ್ನು ತಿದ್ದಿದ್ದಕ್ಕೆ ತರಗತಿಗೆ ನಾನು ಋಣಿ."

ಚೆನ್ನಾಗಿ ಬರೆದಿದ್ದಳು. ಮೂವತ್ತೊಂದು ವರ್ಷ ಪ್ರಬಂಧ ತಿದ್ದಿದ ಲುವಾ ಟೀಚರಿಗೆ ಅದರಲ್ಲಿ ಒಂದು ಪದವೂ ಹೆಚ್ಚು ಕಡಿಮೆ ಕಾಣಲಿಲ್ಲ. ಓದುವಾಗ ದನಿ ನಡುಗಲಿಲ್ಲ, ಕಣ್ಣು ತುಂಬಲಿಲ್ಲ. ಹಾಳೆ ಮಡಿಸಿ ಅಲ್ಲೇ ನಿಂತಳು, ಇನ್ನೇನಾದರೂ ಓದಬೇಕಿದ್ದರೆ ಓದುತ್ತೇನೆ ಅನ್ನುವ ಹಾಗೆ.

ಉತ್ತಮಕ್ಕೆ ನಲವತ್ತೂ ಕೈ ಎದ್ದವು. ಕಿಯೆತ್ ಎರಡೂ ಕೈ ಎತ್ತಿ ಎಲ್ಲರನ್ನೂ ನಗಿಸಿದ. "ಪೊಲೀಸಪ್ಪಂಗೆ ಬಡ್ತಿ!" ಅಂದ. ಮಕ್ಕಳು ಚಪ್ಪಾಳೆ ತಟ್ಟಿದರು. ಆ ದಿನ ಸ್ಟಾಫ್ ರೂಮಿನಲ್ಲಿ ಲುವಾ ಟೀಚರ್ ಹಾಂಗ್ ಟೀಚರಿಗೆ, "ನೋಡು, ಒಂದು ಏಟಿಲ್ಲ, ಒಂದು ಬೈಗುಳ ಇಲ್ಲ," ಅಂದರು. ಹೇಳುವಾಗ ಆ ಬಾಸುಂಡೆ ನೆನಪಾಯಿತು. ಅದು ಮನೆಯಲ್ಲಿ ಬಿದ್ದದ್ದು, ಶಾಲೆಯಲ್ಲಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ತಿದ್ದಿಕೊಂಡ ಮಗುವಿಗೆ ಬಹುಮಾನ ಕೊಡಬೇಕು ಎಂಬುದೂ ಅವರ ನೇಮ. ವರ್ಷದ ಕೊನೆಯ ಎರಡು ವಾರಕ್ಕೆ ಕೆಂಪು ಪಟ್ಟಿಯನ್ನು ಮತ್ತೆ ಮಿಯೆನಳ ತೋಳಿಗೆ ಕಟ್ಟಿಸಿದರು. ತಾಯಿ ಗೇಟಿನ ತನಕ ಬಂದು ದೂರದಿಂದಲೇ ಕೈ ಮುಗಿದು ಹೋದಳು. ಹೆಡ್‌ಮಾಸ್ಟರ ಮೇಜಿನಿಂದ ಲುವಾ ಟೀಚರ ಫೈಲು ಜಿಲ್ಲಾ ಕಚೇರಿಗೆ ಹೊರಟಿತು.

ಕೊನೆಯ ಸೋಮವಾರ ಗೇಟಿನ ಉಸ್ತುವಾರಿ ಲುವಾ ಟೀಚರದ್ದೇ ಇತ್ತು. ಡೋಲು ನಿಂತಿತು, ಕಾವಲುಗಾರ ಗೇಟು ಅರ್ಧ ಎಳೆದ. ಆಮೇಲೆ ಒಳಗೆ ಬಂದವರನ್ನು ಅವರೂ ನೋಡಿದರು. ಸೈಕಲ್ ಚೈನು ಕಳಚಿ ಕೈಯೆಲ್ಲಾ ಮಸಿ ಮಾಡಿಕೊಂಡ ಆರನೇ ತರಗತಿಯ ಒಬ್ಬ ಸಣ್ಣ ಹುಡುಗಿ, ಅವಳ ಹಿಂದೆ ಓಡಿ ಬಂದ ಇನ್ನಿಬ್ಬರು ಸಣ್ಣವರು, ಅವರ ಹಿಂದೆ ಬಾಯಲ್ಲಿ ಅನ್ನ ಅಗಿಯುತ್ತ, ಆತುರವಿಲ್ಲದೆ, ಕಿಯೆತ್ ಮತ್ತು ಅವನ ಇಬ್ಬರು ಗೆಳೆಯರು. ಕಿಯೆತ್ ಹಾದು ಹೋಗುವಾಗ ಮಿಯೆನಳಿಗೆ ಒಂದು ಬಾಳೆಲೆಯ ಪೊಟ್ಟಣ ಕೊಟ್ಟ. ಅವಳು ತೆಗೆದುಕೊಂಡಳು.

ಅಂಗಳದಲ್ಲಿ ಸ್ಟೂಲುಗಳ ಸದ್ದು ಅಡಗಿತ್ತು. ತ್ವಾನ್ ಮೆಟ್ಟಿಲ ಮೇಲೆ ಮೈಕಿನ ಹತ್ತಿರ ನಿಂತು, ಬೇಗ ಎಂದು ಕೈಸನ್ನೆ ಮಾಡಿದರು. ಮಿಯೆನ್ ಸಹಿಗೆ ಪುಸ್ತಕ ತಂದಳು. ಆ ಅಚ್ಚಿನಂಥ ಅಕ್ಷರದಲ್ಲಿ ಮೂರು ಹೆಸರು. ಮೂರೂ ಆರನೇ ತರಗತಿಯವು.

ಲುವಾ ಟೀಚರ್ ಎರಡು ಸಲ ಓದಿದರು. "ಮಿಯೆನ್, ಗೇಟಲ್ಲಿ ಇನ್ಯಾರೂ ಇರ್ಲಿಲ್ವೇನಮ್ಮ?"

"ಇದ್ರು ಟೀಚರ್." ಹುಡುಗಿಯ ಮುಖದಲ್ಲಿ ಕೊಂಕೇನೂ ಇರಲಿಲ್ಲ. ಹೇಳಿದ ಕೆಲಸ ಮಾಡಲು ನಿಂತ ಒಳ್ಳೆಯ ಮಗುವಿನ ಮುಖ. "ಬರೀಬೇಕಾ?"

ಸಣ್ಣ ಹುಡುಗಿ ಗೇಟಿನ ಕಂಬದ ಬಳಿ ಮಸಿಯ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೈಕು ಒಮ್ಮೆ ಕಿರುಗುಟ್ಟಿತು.

"ಪೆನ್ನು ಕೊಡು," ಅಂದರು ಲುವಾ ಟೀಚರ್. ಮೂರು ಹೆಸರಿನ ಕೆಳಗೆ ಸಹಿ ಹಾಕಿದರು.